ಬೇಡಿ ತಂದ ಅಂಗಿ

ದ್ವೀಪದ ಹವಾಮಾನ ಠಾಣೆ
೩ ಆಗಸ್ಟ್ ೧೯೯೩

ಮಿಯೆನ್,

ಉತ್ತರದ ಕೊಲ್ಲಿಯಲ್ಲಿ ತೇಲುತ್ತಿರುವ ಸಮಸ್ತ ಹಡಗು, ದೋಣಿ, ತೆಪ್ಪಗಳಿಗೂ ಬಂಡೆಗಳ ಮೇಲೆ ಒಣಗುತ್ತಿರುವ ಸಕಲ ಮೀನುಗಳಿಗೂ ಈ ಠಾಣೆಯು ಗಂಭೀರವಾಗಿ ಘೋಷಿಸುವುದೇನೆಂದರೆ: ನಮ್ಮ ಮಗುವಿಗೆ ಕುಲಾವಿ ಸಿಕ್ಕಿತು.

ಗಾಳಿ ದಕ್ಷಿಣದಿಂದ, ಸಾಧಾರಣ. ಅಲೆಗಳು ಮೊಣಕಾಲೆತ್ತರ. ಕುಲಾವಿ ಒಂದು, ಅಂಗಿ ಮೂರು, ಕೈಗವಸು ಒಂದು ಜೊತೆ. ಇಷ್ಟು ದೊಡ್ಡ ಸುದ್ದಿಯನ್ನು ರೇಡಿಯೋದಲ್ಲೇ ಹೇಳಿಬಿಡೋಣ ಅನ್ನಿಸಿತ್ತು. ಆದರೆ ಗಾಳಿ, ಮೋಡ, ವಾಯುಭಾರದ ಅಂಕಿ ಬಿಟ್ಟು ಅದರಲ್ಲಿ ಒಂದು ಸೀನು ಸೀನಿದರೂ ದಡದ ಕಚೇರಿಯವರು ವಿವರಣೆ ಕೇಳುತ್ತಾರೆ. ಹಾಗಾಗಿ ಕಾಗದ.

ಮೊದಲ ಸಲ ಅಪ್ಪನಾಗುವವನು ಏನೇನು ಕೊಳ್ಳಬೇಕು ಅಂತ ಕೇಳಿ ನಾನು ಬರೆದಿದ್ದೆ. ನೀನು ಏನೇನು ಕೊಳ್ಳಬಾರದು ಅಂತ ಎರಡು ಪುಟ ಬರೆದೆ. ತೊಟ್ಟಿಲು ಬೇಡ, ಗಿಲಕಿ ಬೇಡ, ಹೊಸ ಬಟ್ಟೆಯಂತೂ ಬೇಡವೇ ಬೇಡ. ಮಗು ಹೊಟ್ಟೆಯಲ್ಲಿರುವಾಗಲೇ ಹೊಸ ಬಟ್ಟೆ ಹೊಲಿದಿಟ್ಟರೆ ನೋಡಬಾರದವರು ನೋಡಿ, ಓಹೋ ಇಲ್ಲಿ ಏನೋ ಬೆಲೆಬಾಳುವುದು ಬರುತ್ತಿದೆ ಅಂತ ಬಂದು ಎತ್ತಿಕೊಂಡು ಹೋಗುತ್ತಾರೆ. ಇದು ಅತ್ತೆಯವರ ವಾದ. ನನ್ನ ಪಾಲಿಗೆ ಬಿಟ್ಟದ್ದು ಬಿಸಿನೀರಿನ ಫ್ಲಾಸ್ಕು, ಅಲ್ಯೂಮಿನಿಯಂ ಬೋಗುಣಿ, ಬಾಣಂತಿಯ ಮಂಚದ ಕೆಳಗಿಡುವ ಇದ್ದಿಲು. ಒಬ್ಬ ಅಪ್ಪನ ಉತ್ಸಾಹಕ್ಕೆ ಇದ್ದಿಲು ಸಾಲುತ್ತದೆಯೇ, ನೀನೇ ಹೇಳು.

ಆಮೇಲೆ ಬಂತು ಅಸಲಿ ಅಪ್ಪಣೆ. ಮಗುವಿನ ಮೈಗೆ ಮೊದಲು ತಾಗುವ ಬಟ್ಟೆ ಹಳೆಯದಿರಬೇಕು, ಬೇಡಿ ತಂದದ್ದಿರಬೇಕು, ಸುಲಭವಾಗಿ ಬೆಳೆದ ಮಗುವಿನದಿರಬೇಕು. ಗಿರಣಿ ಸಾಲುಮನೆಯ ಮಕ್ಕಳೆಲ್ಲ ಹತ್ತಿಯ ದೂಳಿಗೆ ಗೊರಗೊರ ಅನ್ನುತ್ತವೆ, ಅವುಗಳ ಅಂಗಿ ಬೇಡ. ಸಮುದ್ರದ ಗಾಳಿ ಕುಡಿದ ಮಗುವಿನದನ್ನು ಅಳಿಯಂದಿರು ಅಲ್ಲಿಂದಲೇ ತರಲಿ. ಮಗು ದಪ್ಪಗಿತ್ತಾ, ರಾತ್ರಿ ಅಳುತ್ತಿತ್ತಾ, ಹಠ ಮಾಡುತ್ತಿತ್ತಾ, ಮೂರೂ ಕೇಳಿಯೇ ತರಲಿ.

ಕೊಡೆ ಹಿಡಿದು ಭಿಕ್ಷೆಗೆ ಹೊರಟೆ. ಮೊದಲ ಮನೆಯ ಅಜ್ಜಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಮೋಡದ ಮಾಸ್ತರೇ, ಮಳೆ ಬರುತ್ತೆ ಅಂತ ಹೇಳಿ ನಮ್ಮ ಮೀನೆಲ್ಲ ಒಳಗಿಡಿಸಿದ್ರಿ. ಸುಡುಬಿಸಿಲು ಬಂತು. ಈಗ ಅಂಗಿ ಬೇರೆ ಬೇಕಾ?" ಅಂದಳು. ಕೊನೆಗೆ ನಾಲ್ಕು ಮಕ್ಕಳು ಹಾಕಿ ಬಿಟ್ಟದ್ದೊಂದನ್ನು ಕೊಟ್ಟಳು. ಅದರಲ್ಲಿ ಅಂಗಿಗಿಂತ ತೂತೇ ಜಾಸ್ತಿ. ಮಗು ಯಾವ ತೂತಿನಿಂದ ತಲೆ ಹೊರಹಾಕಬೇಕೆಂದು ಗೊಂದಲಕ್ಕೆ ಬೀಳುತ್ತದೆ.

ಆಮೇಲೆ ಲುವಾ ಅಕ್ಕನ ಮನೆ. ನಮ್ಮ ಕಾಗದಗಳನ್ನು ದಡಕ್ಕೆ ಒಯ್ಯುವ ದೋಣಿಯ ದಾಮ್ ಇದ್ದಾನಲ್ಲ, ಅವನ ಹೆಂಡತಿ. ಅಂಗಳದಲ್ಲಿ ಗುಂಡುಕಲ್ಲಿನಂಥ ಹುಡುಗಿಯೊಬ್ಬಳು ಕೋಳಿಗಳನ್ನು ಅಟ್ಟಾಡಿಸುತ್ತಿದ್ದಳು. ಅವಳನ್ನು ನೋಡಿಯೇ ನಾನು ಮನಸ್ಸಿನಲ್ಲಿ ಮುದ್ರೆ ಒತ್ತಿಬಿಟ್ಟೆ. ನಾನು ಕೇಳಿದ ಕೂಡಲೇ ಲುವಾ ಅಕ್ಕ ಒಳಗೆ ಹೋಗಿ ಒಂದು ಗಂಟು ತಂದಳು. ಮಿಯೆನ್, ಆ ಹೊಲಿಗೆಯನ್ನು ನೀನು ನೋಡಬೇಕು. ಇರುವೆ ಸಾಲು ಹೋದ ಹಾಗಿದೆ. ಮೆದು ಅಂದರೆ ಮೆದು. ಅಪ್ಪಣೆಯ ಪ್ರಕಾರ ನಾನು ಪರೀಕ್ಷೆ ನಡೆಸಿದೆ. ಮಗು ರಾತ್ರಿ ಅಳುತ್ತಿತ್ತಾ ಅಂದೆ. ಅವಳು ಗಂಟನ್ನೇ ನೋಡುತ್ತಾ, "ಇಲ್ಲ. ಒಂದು ರಾತ್ರಿನೂ ಅತ್ತಿಲ್ಲ," ಅಂದಳು. ಹಠ ಅಂದೆ. "ಏನೂ ಇಲ್ಲ. ಯಾರಿಗೂ ಒಂಚೂರೂ ತೊಂದ್ರೆ ಕೊಡ್ಲಿಲ್ಲ."

ಇಂಥ ಅರ್ಹತಾಪತ್ರ ಬೇರೆ ಯಾವ ಮಗುವಿಗಿದೆ? ಅತ್ತೆಯವರಿಗೆ ಓದಿ ಹೇಳು. ಗಂಟು ಇದೇ ದೋಣಿಯಲ್ಲಿ ಬರುತ್ತಿದೆ. ನಮ್ಮದು ದುಂಡಗೆ, ಗಟ್ಟಿಮುಟ್ಟಾಗಿ, ಹುಲಿಮರಿಯ ಹಾಗೆ ಹುಟ್ಟುತ್ತದೆ, ಬರೆದಿಟ್ಟುಕೋ. ನನಗೇನೂ ಭಯವಿಲ್ಲ. ವಾಯುಭಾರ ಮಾಪಕ ಮಾತ್ರ ಆಗಾಗ ನಡುಗುತ್ತದೆ, ಅದು ಯಂತ್ರದ ದೋಷ.

ಖಾಯ್


ಗಿರಣಿ ಸಾಲುಮನೆ, ನಾಮ್ ದಿನ್
೧೫ ಆಗಸ್ಟ್ ೧೯೯೩

ರೀ,

ನಿಮ್ಮ ಘೋಷಣೆಯೂ ಗಂಟೂ ಒಟ್ಟಿಗೇ ಬಂದವು. ದುಂಡಗೆ, ಗಟ್ಟಿಮುಟ್ಟು, ಹುಲಿಮರಿ ಅಂತ ಹುಟ್ಟದ ಮಗುವನ್ನು ಹಾಡಿಹೊಗಳಿದ್ದೀರಲ್ಲ, ಅದಕ್ಕೆ ಮುಂಚೆ ದೃಷ್ಟಿ ತಾಗದ ಹಾಗೆ 'ಕದ್ದು ಹೇಳ್ತೀನಿ' ಅಂತ ಸೇರಿಸಲು ನಿಮ್ಮ ಕೈಗೇನಾಗಿತ್ತು? ಸಮುದ್ರದ ಮೇಲಿಂದ ಬರುವ ಕಾಗದ, ದಾರಿಯಲ್ಲಿ ಯಾರು ಯಾರು ಓದಿಕೊಂಡರೋ. ಅಮ್ಮ ಆ ಸಾಲನ್ನು ನಿಮ್ಮ ಕಾಗದದಿಂದ ಕತ್ತರಿಸಿ ಒಲೆಗೆ ಹಾಕಿದರು. ಅದರ ಹಿಂಬದಿಯಲ್ಲಿ ಏನು ಬರೆದಿದ್ದಿರೋ ಅದೂ ಹೋಯಿತು.

ಅಮ್ಮ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ತೋಳು ಮಗುಚಿದರು. ಹೊಲಿಗೆ ಒಪ್ಪಿದರು. ಒಂದೇ ಒಂದು ಸಂಶಯ ಅವರಿಗೆ. ಮಗು ಹಾಕಿದ ಅಂಗಿಯಾದರೆ ಕಂಕುಳು ಹಳದಿಯಾಗಬೇಕಿತ್ತು, ಎದೆಯ ಮೇಲೆ ಹಾಲಿನ ಕಲೆ ಕೂತಿರಬೇಕಿತ್ತು. ಇದು ಬಿಳೀ ಹಾಳೆಯ ಹಾಗಿದೆ. ಅಲ್ಲಿಯ ನೀರು ಒಳ್ಳೆಯದಿರಬೇಕು ಅಂದೆ. ಅಳದ ಮಗು ಅಂಗಿಯನ್ನೂ ಕೊಳೆ ಮಾಡಿಕೊಂಡಿರಲಿಕ್ಕಿಲ್ಲ ಅಂತ ಅಮ್ಮನೇ ಸಮಾಧಾನ ಮಾಡಿಕೊಂಡರು. ಈಗ ಅವು ಒಂದು ಎಸಳು ಬೆಳ್ಳುಳ್ಳಿಯ ಜೊತೆ ನನ್ನ ದಿಂಬಿನ ಕೆಳಗಿವೆ. ಬೆಳ್ಳುಳ್ಳಿಯ ವಾಸನೆಗೆ ನೋಡಬಾರದವರು ಬರುವುದಿಲ್ಲವಂತೆ. ನಿದ್ದೆಯೂ ಬರುವುದಿಲ್ಲ.

ಇರುವೆ ಸಾಲು ಹೋದ ಹಾಗಿದೆ ಅಂತ ಬರೆದಿರಿ. ನಾನು ಎರಡು ವರ್ಷದಿಂದ ನಿಮ್ಮ ಪ್ಯಾಂಟಿಗೆ ತೇಪೆ ಹಾಕುತ್ತಿದ್ದೇನೆ. ಒಂದು ದಿನವಾದರೂ ಇರುವೆ ಬೇಡ, ಒಂದು ಜಿರಲೆಯಾದರೂ ನಿಮಗೆ ಕಂಡಿತ್ತಾ?

ಫ್ಲಾಸ್ಕು ಕೊಂಡಾಯಿತು, ಬೋಗುಣಿಯೂ. ಅಮ್ಮನ ಹಳೆಯ ಬಟ್ಟೆಗಳನ್ನು ಹರಿದು ಲಂಗೋಟಿ ಮಾಡುತ್ತಿದ್ದೇವೆ. ನನ್ನ ಕಾಲುಗಳು ಸ್ವಲ್ಪ ದಪ್ಪಗಾಗಿವೆ, ನೀವು ಬಿಟ್ಟುಹೋದ ಚಪ್ಪಲಿ ಈಗ ನನಗೆ ಸರಿಹೋಗುತ್ತದೆ. ಹೊಸದು ಕೊಳ್ಳುವ ಖರ್ಚು ಉಳಿಯಿತು. ಆಸ್ಪತ್ರೆಯವರು ವಾರಕ್ಕೊಮ್ಮೆ ಬಾ ಅಂದಿದ್ದಾರೆ. ಎಲ್ಲರಿಗೂ ಹಾಗೇ ಹೇಳುತ್ತಾರಂತೆ.

ಮಿಯೆನ್


ಹವಾಮಾನ ಠಾಣೆ
೨೮ ಆಗಸ್ಟ್ ೧೯೯೩

ಮಿಯೆನ್,

ಈ ಕಾಗದವನ್ನು ನಾನು ಕಳಿಸುವುದಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ, ನಿನಗೆ ಹೇಳಿದರೆ ನಿನ್ನದು ಒಡೆಯುತ್ತದೆ. ಅದಕ್ಕೆ ಬರೆದು ಇಲ್ಲೇ ಇಟ್ಟುಕೊಳ್ಳುತ್ತೇನೆ.

ಇವತ್ತು ದೋಣಿ ನಿಲ್ಲುವ ಧಕ್ಕೆಯಲ್ಲಿ ದಾಮ್ ಹಗ್ಗ ಸುತ್ತುತ್ತಿದ್ದ. ನಿಮ್ಮ ಮಗಳು ಕೋಳಿಗಳಿಗೆ ಅನ್ನ ದಕ್ಕಲು ಬಿಡುವುದಿಲ್ಲವಲ್ಲ ಅಂತ ತಮಾಷೆ ಮಾಡಿದೆ. ಅದು ತನ್ನ ಅಣ್ಣನ ಮಗಳು ಅಂದ. ಹಾಗಾದರೆ ನಿಮ್ಮದು ಅಂತ ನಾನು ಮೂರ್ಖನ ಹಾಗೆ ಕೇಳಿದೆ. "ನಮ್ದು ಉಳೀಲಿಲ್ಲ ಮಾಸ್ತರೇ. ಹುಟ್ಟಿದಾಗ್ಲೇ ಉಸಿರಿರ್ಲಿಲ್ಲ," ಅಂದ.

ಒಂದು ರಾತ್ರಿಯೂ ಅತ್ತಿಲ್ಲ ಅಂದಿದ್ದಳಲ್ಲ, ಮಿಯೆನ್. ನಾನು ಅದನ್ನು ನಿನಗೆ ಅರ್ಹತಾಪತ್ರ ಅಂತ ಬರೆದು ಕಳಿಸಿದೆ.

ಹೋದ ವರ್ಷ ಅವಳು ಬಸುರಿಯಾಗಿದ್ದಾಗ ದಡದಿಂದ ಹೊಸ ಬಟ್ಟೆ ತರಿಸಿ, ಮೊದಲೇ ಹೊಲಿದಿಟ್ಟಿದ್ದಳಂತೆ. ಮಗು ಹೋದಮೇಲೆ ಊರಿನ ಹೆಂಗಸರೆಲ್ಲ ಅದನ್ನೇ ಆಡಿಕೊಂಡರಂತೆ, ಆತುರಗೇಡಿ, ಹೊಸ ಅಂಗಿ ತೋರಿಸಿ ಕರೆದು ಕಳಕೊಂಡಳು ಅಂತ. ದಾಮ್ ಇದನ್ನೆಲ್ಲ ಹಗ್ಗಕ್ಕೆ ಹೇಳುವ ಹಾಗೆ ಹೇಳಿದ. ಆಮೇಲೆ, ಮನೆಯಲ್ಲಿ ಆ ಗಂಟು ಕಾಣುತ್ತಿಲ್ಲ, ಸಮುದ್ರಕ್ಕೆ ಹಾಕಿದಳೋ ಏನೋ, ಕೇಳುವುದಕ್ಕೆ ಧೈರ್ಯವಿಲ್ಲ ಅಂದ. ನಾನು ಬಾಯಿ ಬಿಡಲಿಲ್ಲ. ಅವನೇ ತನ್ನ ದೋಣಿಯಲ್ಲಿ ಅದನ್ನು ನಿನಗೆ ತಲುಪಿಸಿದ್ದಾನೆ.

ನಾನು ಮೋಡ ಅಳೆಯುವವನು, ವಿಜ್ಞಾನ ಓದಿದವನು, ಅತ್ತೆಯವರ ಬೆಳ್ಳುಳ್ಳಿಗೆ ನಕ್ಕವನು. ಈಗ ನಿನ್ನ ದಿಂಬಿನ ಕೆಳಗೆ ಏನಿದೆ ಅಂತ ನೆನೆದು ದೀಪ ಆರಿಸದೆ ಕೂತಿದ್ದೇನೆ. ಹೊಸದು, ಅದೂ ಸತ್ತ ಮಗುವಿಗೆ ಹೊಲಿದದ್ದು. ಇದಕ್ಕಿಂತ ಕೆಟ್ಟದ್ದನ್ನು ಹುಡುಕಿ ತರಬೇಕೆಂದು ಹೊರಟಿದ್ದರೂ ನನಗೆ ಸಿಗುತ್ತಿರಲಿಲ್ಲ.


ಹವಾಮಾನ ಠಾಣೆ
೨೯ ಆಗಸ್ಟ್ ೧೯೯೩

ಮಿಯೆನ್,

ಎಲ್ಲ ಕ್ಷೇಮ. ಗಾಳಿ ಆಗ್ನೇಯದಿಂದ.

ಒಂದು ಸಣ್ಣ ವಿಷಯ. ನಾನು ಕಳಿಸಿದ ಗಂಟನ್ನು ಅವರ ಮನೆಯಲ್ಲಿ ಇಲಿ ಪಾಷಾಣದ ಪಕ್ಕದಲ್ಲಿ ಇಟ್ಟಿದ್ದರಂತೆ, ಈಗ ತಿಳಿಯಿತು. ಹಾಗಾಗಿ ದಯವಿಟ್ಟು ಅವನ್ನು ಮಗುವಿಗೆ ಹಾಕಬೇಡ. ದಿಂಬಿನ ಕೆಳಗಿಂದಲೂ ತೆಗೆದುಬಿಡು. ದೋಣಿಯವರ ಕೈಗೆ ವಾಪಸು ಕಳಿಸಿದರೆ ಉತ್ತಮ. ಅಜ್ಜಿಯ ತೂತಿನ ಅಂಗಿ ಬಹಳ ಗಾಳಿಯಾಡುತ್ತದೆ, ಆರೋಗ್ಯಕ್ಕೆ ಅದೇ ಒಳ್ಳೆಯದು. ಬೇಕಾದರೆ ನಾನು ಇನ್ನೊಮ್ಮೆ ಕೊಡೆ ಹಿಡಿದು ಹೊರಡುತ್ತೇನೆ.

ನಿನ್ನ ತೇಪೆಗಳಲ್ಲಿ ನನಗೆ ಯಾವತ್ತೂ ಇರುವೆ ಕಂಡಿದೆ. ಹೇಳಿರಲಿಲ್ಲ ಅಷ್ಟೆ.

ಖಾಯ್


ನಾಮ್ ದಿನ್
೧೦ ಸೆಪ್ಟೆಂಬರ್ ೧೯೯೩

ರೀ,

ಇಲಿ ಪಾಷಾಣ ಅಂತ ಓದಿ ಅಮ್ಮ ಅಂಗಿಗಳನ್ನು ಎರಡು ಸಲ ಕುದಿಸಿದರು. ನೀರನ್ನು ಪಕ್ಕದ ಮನೆಯ ಇಲಿಗಳಿಗೂ ಇಟ್ಟು ನೋಡಿದರು. ಇಲಿಗಳು ಕುಡಿದು ದಷ್ಟಪುಷ್ಟವಾಗಿ ಓಡಾಡುತ್ತಿವೆ.

ಈಗ ನಿಜ ಹೇಳಿ. ಯಾಕೆ ವಾಪಸು ಬೇಕು ಅವಳಿಗೆ? ಮೊದಲ ಕಾಗದದಲ್ಲಿ ಎರಡು ಸಲ ಲುವಾ ಅಕ್ಕ. ಎರಡನೆಯದರಲ್ಲಿ ಅವಳ ಹೆಸರೇ ಇಲ್ಲ, 'ಅವರ ಮನೆ' ಅಂತ ಮಾತ್ರ. ಹೆಸರು ಬರೆಯಲೂ ಆಗದಂಥದ್ದು ಏನಾಯಿತು? ಇದ್ದಕ್ಕಿದ್ದಂತೆ ನನ್ನ ತೇಪೆಯಲ್ಲಿ ಇರುವೆ ಬೇರೆ ಕಂಡುಬಿಟ್ಟಿತು. ನಾನು ಗಿರಣಿಯಲ್ಲಿ ಕೆಲಸ ಮಾಡುವವಳು, ಎಳೆ ಎಲ್ಲಿ ತಪ್ಪಿತು ಅಂತ ಬೆರಳಿಗೆ ಗೊತ್ತಾಗುತ್ತದೆ. ದ್ವೀಪದಲ್ಲಿ ಗಂಡಸು ಒಬ್ಬನೇ ಇದ್ದರೆ ಅವನಿಗೆ ಮೋಡ ಮಾತ್ರ ಕಾಣುತ್ತದಾ ಅಂತ ಸಾಲುಮನೆಯ ಹೆಂಗಸರು ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತೇನೆ.

ಅಂಗಿ ವಾಪಸು ಬರುವುದಿಲ್ಲ. ಬೇಡಿ ತಂದದ್ದನ್ನು ತಿರುಗಿ ಕೊಟ್ಟರೆ ಮಗುವಿನ ಆಯುಷ್ಯವನ್ನೇ ತಿರುಗಿ ಕೊಟ್ಟ ಹಾಗಂತೆ. ಅಮ್ಮ ಇದನ್ನು ಹೇಳುವಾಗ ನಿಮ್ಮ ಫೋಟೋ ನೋಡಿ ಹೇಳಿದರು.

ಅಕ್ಷರ ದೊಡ್ಡದಾಗಿದ್ದರೆ ಬೇಸರಿಸಬೇಡಿ. ಕೆಲಸಕ್ಕೆ ಹೋಗದಿದ್ದರೂ ಗಿರಣಿಯ ಹತ್ತಿಯ ಎಳೆಗಳು ಕಣ್ಣ ಮುಂದೆ ತೇಲುತ್ತಲೇ ಇರುತ್ತವೆ, ಒರೆಸಿದರೂ ಹೋಗುವುದಿಲ್ಲ. ನನ್ನ ಊಟಕ್ಕೆ ಉಪ್ಪು ನಿಲ್ಲಿಸಿದ್ದಾರೆ. ಸಪ್ಪೆ ಗಂಜಿ ತಿಂದು ತಿಂದು ನಾನೂ ಸಪ್ಪೆಯಾಗಿದ್ದೇನೆ, ಇಷ್ಟು ಖಾರವಾಗಿ ಬರೆದದ್ದೇ ಹೆಚ್ಚು.

ಮಿಯೆನ್


ಹವಾಮಾನ ಠಾಣೆ
೧೯ ಸೆಪ್ಟೆಂಬರ್ ೧೯೯೩

ಮಿಯೆನ್,

ನಿನ್ನ ಕಾಗದ ಓದಿ ಒಂದು ಕ್ಷಣ ಹಗುರಾಯಿತು. ನನ್ನ ಹೆಂಡತಿ ನನ್ನನ್ನು ಇಷ್ಟು ರಸಿಕ ಅಂದುಕೊಂಡಿದ್ದಾಳೆಂಬ ಹೆಮ್ಮೆ. ಆ ಕ್ಷಣ ಮುಗಿಯಿತು. ಇಲಿ ಪಾಷಾಣ ಸುಳ್ಳು. ನಿಜ ಇದು, ಕೂತುಕೊಂಡು ಓದು.

ಆ ಬಟ್ಟೆ ಯಾವ ಮಗುವೂ ಹಾಕಿದ್ದಲ್ಲ. ಲುವಾ ಅಕ್ಕ ತನ್ನ ಬಸುರಿನಲ್ಲಿ ಹೊಸದಾಗಿ ಹೊಲಿದಿಟ್ಟದ್ದು. ಅವಳ ಮಗು ಹುಟ್ಟುವಾಗಲೇ ಸತ್ತಿತ್ತು. ಅಂಗಳದ ಹುಡುಗಿ ಅವಳ ಮಗಳಲ್ಲ, ನಾನು ಹಾಗೆ ತಿಳಿದುಕೊಂಡೆ. ತಿಳಿದ ಮೇಲೂ ನಿನ್ನನ್ನು ಹೆದರಿಸಬಾರದೆಂದು ಮುಚ್ಚಿಟ್ಟೆ.

ನಿನ್ನೆ ಅವಳಲ್ಲಿಗೆ ಹೋದೆ. ಜಗಳವಾಡಲೆಂದೇ ಹೋದೆ. ಅವಳು ಬಲೆ ಹೆಣೆಯುತ್ತಿದ್ದಳು. ಅಕ್ಕ, ನನಗೆ ಯಾಕೆ ಮೋಸ ಮಾಡಿದಿರಿ ಅಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಅಳ್ತಿತ್ತಾ ಅಂತ ಕೇಳಿದ್ರಿ, ಇಲ್ಲ ಅಂದೆ. ಇತ್ತಾ ಅಂತ ನೀವು ಕೇಳ್ಲೇ ಇಲ್ವಲ್ಲ ಮಾಸ್ತರೇ."

ಬಲೆಯ ಎಳೆ ಬಿಗಿದು ಅವಳೇ ಮುಂದುವರಿಸಿದಳು. ಊರಿನವರಾರೂ ಅದನ್ನು ಮುಟ್ಟುವುದಿಲ್ಲ, ನಾನು ಹೊಸಬ, ನನಗೆ ಗೊತ್ತಿರಲಿಕ್ಕಿಲ್ಲ ಅಂತ ಕೊಟ್ಟಳಂತೆ. ಸುಡುವುದಕ್ಕೆ ಮೂರು ಸಲ ಒಲೆಯ ಮುಂದೆ ಕೂತಿದ್ದಳಂತೆ. "ತೋಳು ಅಷ್ಟು ಸಣ್ಣದು. ಯಾವ್ದಾದ್ರೂ ಒಂದು ಕೈ ಅದ್ರೊಳಗೆ ಹೋಗ್ಲಿ ಅನ್ನಿಸ್ತು," ಅಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಭಯ ಮಾತ್ರ ಹೋಗಲಿಲ್ಲ. ಮಿಯೆನ್, ಅವಳಿಗಾಗಿ ನನಗೆ ದುಃಖವಿದೆ. ಆದರೆ ನಮ್ಮ ಮಗುವಿನ ಕೈ ಆ ತೋಳಿನೊಳಗೆ ಹೋಗುವುದು ಬೇಡ. ಈ ಕಾಗದ ತಲುಪಿದ ಕೂಡಲೇ ಅದನ್ನು ನದಿಗೆ ಬಿಡು. ವಾಯುಭಾರ ಇಳಿಯುತ್ತಿದೆ, ದೊಡ್ಡ ಗಾಳಿ ಬರುತ್ತದೆ. ದಾಮ್ ಇವತ್ತೇ ಕೊನೆಯ ಸಲ ದಡಕ್ಕೆ ಹೋಗಿ ಬರುತ್ತಾನಂತೆ.

ಖಾಯ್


ಹವಾಮಾನ ಠಾಣೆ
೨೭ ಸೆಪ್ಟೆಂಬರ್ ೧೯೯೩

ಮಿಯೆನ್,

ಗಾಳಿ ಬಂದು ಹೋಯಿತು. ದೋಣಿಗಳಿಲ್ಲ. ಈ ಕಾಗದ ಯಾವಾಗ ಹೊರಡುತ್ತದೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ, ಕೈ ಖಾಲಿ ಬಿಟ್ಟರೆ ಉಗುರು ಕಚ್ಚುತ್ತೇನೆ.

ಬಿರುಗಾಳಿಯ ದಿನಗಳಲ್ಲಿ ಊರಿನವರೆಲ್ಲ ಠಾಣೆಗೆ ಬಂದು ತಂಗಿದ್ದರು, ಗಟ್ಟಿ ಮಾಡು ಇರುವುದು ಇದೊಂದಕ್ಕೇ. ಕೋಳಿಗಳೂ ಬಂದಿದ್ದವು. ಅಜ್ಜಿ ವಾಯುಭಾರ ಮಾಪಕದ ಮೇಲೆ ಮೀನು ಒಣಗಿಸಲು ಜಾಗ ಹುಡುಕಿದಳು. ಜನರ ಹೆದರಿಕೆ ಮರೆಸೋಣವೆಂದು ನಾನು ಅತ್ತೆಯವರ ಕಥೆ ಶುರುಮಾಡಿದೆ. ಇಲಿಗೆ ನೀರಿಟ್ಟದ್ದು, ಖರ್ಚು ಉಳಿಸಲು ನಿನ್ನ ಗಂಜಿಗೆ ಉಪ್ಪು ಕೂಡ ಹಾಕದೆ ಇರುವುದು. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಲುವಾ ಅಕ್ಕ ನಗಲಿಲ್ಲ. ಎದ್ದು ಬಂದು ನನ್ನೆದುರು ನಿಂತಳು.

"ಕಾಲು ಊದಿದೆಯಾ ಅವ್ರಿಗೆ?"

ನನ್ನ ಚಪ್ಪಲಿ ಸರಿಹೋಗುತ್ತದೆ ಅಂತ ಬರೆದಿದ್ದಾಳೆ ಅಂದೆ.

"ಕಣ್ಣ ಮುಂದೆ ಏನಾದ್ರೂ ತೇಲುತ್ತೆ ಅಂತಾರಾ?"

ಹತ್ತಿಯ ಎಳೆ ಅಂದೆ.

"ನಂಗೂ ಉಪ್ಪು ನಿಲ್ಲಿಸಿದ್ರು. ನಾನು ಮೀನಿನ ಸಾರು ಕದ್ದು ತಿಂದೆ. ದಡದ ಆಸ್ಪತ್ರೆಗೆ ಬಾ ಅಂದಿದ್ರು, ಅಂಗಿಗೆ ಲಾಡಿ ಹಾಕೋದು ಬಾಕಿ ಇದೆ, ಮುಗಿಸಿ ಹೋಗ್ತೀನಿ ಅಂದೆ. ಮಾಸ್ತರೇ, ಅಂಗಿ ವಿಷಯ ಆಮೇಲೆ ನೋಡ್ಕೊಳ್ಳಿ. ಅವ್ರನ್ನ ಮೊದ್ಲು ಆಸ್ಪತ್ರೆಗೆ ಕಳ್ಸಿ."

ಇಡೀ ತಿಂಗಳು ನಾನು ಅಂಗಿಗೆ ಹೆದರುತ್ತಾ ಕೂತಿದ್ದೆ. ಹೆದರಬೇಕಾದದ್ದನ್ನು ನೀನು ಚಪ್ಪಲಿಯಲ್ಲಿ, ಗಂಜಿಯಲ್ಲಿ ಬಚ್ಚಿಟ್ಟು ಬರೆದಿದ್ದೆ, ನಾನು ತಮಾಷೆಯೆಂದು ಜನಕ್ಕೆ ಓದಿ ಹೇಳಿದೆ.

ರೇಡಿಯೋ ಹಚ್ಚಿದೆ. ಗಾಳಿ ಹೇಳಿದೆ, ಮೋಡ ಹೇಳಿದೆ, ಅದೇ ಉಸಿರಿನಲ್ಲಿ, ನಾಮ್ ದಿನ್ ಗಿರಣಿ ಸಾಲುಮನೆಯ ಮಿಯೆನ್‌ಗೆ ಖಾಯ್ ಹೇಳುವುದು, ಉಪ್ಪು, ಕಾಲು ಊತ, ಈಗಲೇ ಆಸ್ಪತ್ರೆ ಅಂದೆ. ಆ ಕಡೆಯವನು ಬರೆದುಕೊಳ್ಳುತ್ತಾ, "ಉಪ್ಪು ಅಂದ್ರೆ ಯಾವ ಮೋಡಾರೀ ಅದು?" ಅಂದ. ಅದು ಮೋಡವಲ್ಲ, ನನ್ನ ಹೆಂಡತಿ ಅಂದೆ. ಆಮೇಲೆ, ನೋಡ್ತೀನಿ ಅಂದ. ತಲುಪಿಸಿದನೋ, ಮೇಲಿನವರಿಗೆ ದೂರು ಕೊಟ್ಟನೋ, ತಿಳಿಯದು.

ಅಂಗಿ ಸುಡು, ಬಿಡು, ಏನಾದರೂ ಮಾಡು. ನೀನು ಇದ್ದೀಯಾ ಅಂತ ಒಂದು ಸಾಲು ಬರೆ.

ಖಾಯ್


ನಾಮ್ ದಿನ್
೧೨ ಅಕ್ಟೋಬರ್ ೧೯೯೩

ಕಪ್ಪೆಯ ಅಪ್ಪನವರಿಗೆ,

ಇನ್ನು ನೀವು ಹೀಗೇ ಕರೆಸಿಕೊಳ್ಳಬೇಕು. ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ, ಊರಿನ ಮಾಡಿನ ಹೆಂಚುಗಳೆಲ್ಲ ಹಾರುತ್ತಿದ್ದಾಗ, ನಿಮ್ಮ ಮಗ ಹುಟ್ಟಿದ. ಚೆಂದದ ಹೆಸರಿಟ್ಟರೆ ಬೇಡದವರ ಕಣ್ಣು ಬೀಳುತ್ತದೆ, ಅದಕ್ಕೆ ಅಮ್ಮ ಮನೆಯ ಹೆಸರು ಕಪ್ಪೆ ಅಂತ ಇಟ್ಟಿದ್ದಾರೆ. ನೋಡುವುದಕ್ಕೂ ಹಾಗೇ ಇದ್ದಾನೆ. ನೀವು ಹುಲಿಮರಿ ಅಂದಿದ್ದಿರಿ. ಎರಡು ಕಿಲೋಗೂ ಕಮ್ಮಿ.

ಹಿಂದಿನ ಕಾಗದ ನಾನು ಬರೆದದ್ದು ಆಸ್ಪತ್ರೆಯ ಮಂಚದಿಂದ. ಹೇಳಿದರೆ ನೀವು ಈಜಿಕೊಂಡು ಬರುತ್ತೀರೆಂದು ಹೇಳಲಿಲ್ಲ, ನಿಮಗೆ ಈಜು ಬರುವುದಿ‌ಲ್ಲ. ಅಲ್ಲಿ ಮಲಗಿ ನಾನು ಹೆದರಿದ್ದು ಲುವಾ ಅಕ್ಕನಿಗೆ. ನಾನು ಹೋದರೆ ನನ್ನ ಮಗನಿಗೆ ಅವಳೇ ಅಮ್ಮನಾಗುತ್ತಾಳೆ, ಹೊಲಿಗೆ ಬೇರೆ ನನಗಿಂತ ಚೆನ್ನಾಗಿ ಬರುತ್ತದೆ ಅಂತ. ನಗಬೇಡಿ. ರಕ್ತದೊತ್ತಡ ಏರಿದಾಗ ಇಂಥದ್ದೆಲ್ಲ ನಿಜವಾಗಿ ಕಾಣುತ್ತದೆ. ಒಂದು ಸಂಜೆ ನನಗೆ ಸೆಳವು ಬಂತಂತೆ, ಹೊಟ್ಟೆ ಕೊಯ್ದು ತೆಗೆದರಂತೆ. ನನಗೆ ಎಚ್ಚರವಾದಾಗ ಹಗಲಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು ಏನನ್ನೋ ಎದೆಗೆ ಒತ್ತಿಕೊಂಡಿದ್ದರು. ಫ್ಲಾಸ್ಕು ಅಂದುಕೊಂಡೆ.

ನಿಮ್ಮ ರೇಡಿಯೋ ಸುದ್ದಿ ತಲುಪಿತು. ದಡದವರು ಅಂಚೆ ಕಚೇರಿಗೆ, ಅವರು ಗಿರಣಿಯ ಕಾವಲುಗಾರನಿಗೆ, ಅವನು ಅಮ್ಮನಿಗೆ ಹೇಳಿದ. ಅಷ್ಟರಲ್ಲಿ ಅದು 'ಖಾಯ್, ಕಾಲು ಊತ, ಆಸ್ಪತ್ರೆ' ಅಂತ ಆಗಿತ್ತು. ಸಾಲುಮನೆಯವರೆಲ್ಲ ನಿಮಗಾಗಿ ಧೂಪ ಹಚ್ಚಿದ್ದಾರೆ. ಅಮ್ಮ, ಅಳಿಯಂದಿರ ಕಾಲು ಮೊದಲಿಂದಲೂ ಅಷ್ಟಕ್ಕಷ್ಟೆ ಅಂದರು.

ನಾಲ್ಕು ದಿನದ ಹಿಂದೆ ಮನೆಗೆ ಬಂದೆವು. ಕಪ್ಪೆ ಅಳುವುದೇ ಇಲ್ಲ. ಅಳದ ಮಗು ಬೇಕೆಂದು ಬೇಡಿದ್ದೆವಲ್ಲ, ಈಗ ಅಳಲಿ ಅಂತ ಕಾಯುತ್ತೇವೆ. ಉಸಿರಾಡುತ್ತಿದ್ದಾನೋ ಇಲ್ಲವೋ ಅಂತ ಅಮ್ಮ ಹತ್ತಿಯ ಎಳೆಯೊಂದನ್ನು ಅವನ ಮೂಗಿನ ಹತ್ತಿರ ಹಿಡಿಯುತ್ತಾರೆ. ಅದು ಅಲ್ಲಾಡುವವರೆಗೆ ನಾವಿಬ್ಬರೂ ಉಸಿರಾಡುವುದಿಲ್ಲ.

ಬಿರುಗಾಳಿಗೆ ತಡವಾಗಿ ನಿಮ್ಮ ಎರಡು ಕಾಗದಗಳು ನಿನ್ನೆ ಒಟ್ಟಿಗೆ ಬಂದವು. ನಾನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಂಗಿಯ ವಿಷಯ ಬಾಯಿಂದ ಹೊರಬಿದ್ದ ಮೇಲೆ ನುಂಗಲು ಆಗಲಿಲ್ಲ. ಮಗು ಹುಟ್ಟಿದ ಗಳಿಗೆಯಿಂದ ಅದೇ ಅಂಗಿಯಲ್ಲಿದ್ದಾನೆ. ಅಜ್ಜಿಯದರಲ್ಲಿ ಅವನು ಒಂದೊಂದು ತೂತಿನಿಂದಲೂ ಪೂರ್ತಿ ಹೊರಗೆ ಬರುತ್ತಿದ್ದ, ಲುವಾ ಅಕ್ಕನವುಗಳಲ್ಲೂ ಮೈಗೆ ನಿಂತದ್ದು ಇದೊಂದೇ. ಅಮ್ಮ ಹಾರಿ ಬಂದು ಅದನ್ನು ಅವನ ಮೈಯಿಂದ ಎಳೆದು ತೆಗೆದು ಅಗ್ಗಿಷ್ಟಿಕೆಯ ಕಡೆ ಹೋದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನೂ ಎದ್ದೆ. ಬರಿಮೈಗೆ ಚಳಿ ತಾಗಿ ಕಪ್ಪೆ ಕಿರುಚಿದ. ಇಷ್ಟು ದಿನದಲ್ಲಿ ಮೊದಲ ಸಲ ಸಾಲುಮನೆಗೆಲ್ಲ ಕೇಳುವ ಹಾಗೆ.

"ಸತ್ತ ಮಗೂದು ಕಣೇ ಇದು," ಅಂದರು ಅಮ್ಮ.

"ಆ ಮಗು ಇದನ್ನ ಹಾಕ್ಕೊಂಡೇ ಇಲ್ಲ."

"ಹಾಗಾದ್ರೆ ಹೊಸದು. ಅದಿನ್ನೂ ಕೆಟ್ಟದ್ದು."

ನನಗೆ ಅಮ್ಮನಷ್ಟೇ ಭಯವಾಗಿತ್ತು. ಈಗಲೂ ಇದೆ. ಆದರೆ ಅವರ ಕೈಯಲ್ಲಿದ್ದ ಅಂಗಿ ನೋಡಿದೆ. ಎದೆಯ ಮೇಲೆ ನನ್ನ ಹಾಲು ಒಣಗಿತ್ತು, ಕೆಳಗೆ ಅವನು ಮಾಡಿಕೊಂಡದ್ದು. "ಈಗ ಹಳೇದಾಗಿದೆಯಲ್ಲಮ್ಮ. ಹಾಕ್ಕೊಂಡ ಮಗು ಅಲ್ಲಿ ಕಿರುಚ್ತಿದೆ, ಕೇಳು," ಅಂದೆ. ಅಮ್ಮ ಅಗ್ಗಿಷ್ಟಿಕೆಯಿಂದ ಹಿಂದೆ ಸರಿದರು. ಆಮೇಲೆ ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ತೂಕ ನೋಡಲು ಬಂದ ನರ್ಸಿಗೆ ಲುವಾ ಅಕ್ಕನ ವಿಷಯ ಹೇಳಿ ಇವತ್ತು ಕೇಳಿದೆ, ಮೊದಲೇ ಹೊಸ ಬಟ್ಟೆ ಹೊಲಿದಿಟ್ಟರೆ ಮಗು ಹೋಗುತ್ತದಾ ಅಂತ. ಅಂಗಿ ನೋಡಿ ರಕ್ತದೊತ್ತಡ ಏರುವುದಿಲ್ಲ, ನನಗೆ ಬಂದದ್ದೇ ಅವರಿಗೂ ಬಂದಿರಬೇಕು ಅಂದರು. ಇದನ್ನು ಲುವಾ ಅಕ್ಕನಿಗೆ ಹೇಗೆ ಹೇಳಬೇಕೋ ನನಗೆ ತಿಳಿಯುವುದಿಲ್ಲ. ಹೇಳಿದರೆ ಅವಳಿಗೆ ಹಗುರಾಗುತ್ತದೋ, ಇನ್ನೊಂದು ಭಾರವಾಗುತ್ತದೋ ಅದೂ ತಿಳಿಯದು. ನೀವು ಅಲ್ಲಿದ್ದೀರಿ, ಮುಖ ನೋಡಿ ನಿರ್ಧರಿಸಿ.

ಒಂದು ಸಣ್ಣ ಕೆಲಸ ಮಾಡಿಕೊಡಿ. ಅಮ್ಮ ಎಳೆದ ರಭಸಕ್ಕೆ ಅಂಗಿಯ ಕೊರಳ ಲಾಡಿ ಪೂರ್ತಿ ಹೊರಗೆ ಬಂದಿದೆ. ಅವಳು ಅದನ್ನು ಒಳಗಿಂದ ಎರಡು ಮಡಿಕೆ ಸುತ್ತಿಸಿ ಹೇಗೋ ಹಾಕಿದ್ದಾಳೆ, ಗಿರಣಿಯ ಬೆರಳಿಗೂ ದಾರಿ ಸಿಗುತ್ತಿಲ್ಲ. ಸದ್ಯಕ್ಕೆ ಪಿನ್ನು ಚುಚ್ಚಿದ್ದೇನೆ, ಅವನ ಗಂಟಲಿಗೆ ತಾಗೀತೆಂದು ಕಣ್ಣು ಮುಚ್ಚಲು ಆಗುವುದಿಲ್ಲ. ಲಾಡಿಯನ್ನು ಯಾವ ಕಡೆಯಿಂದ ಪೋಣಿಸಬೇಕು ಅಂತ ಅವಳನ್ನು ಕೇಳಿ, ಚಿತ್ರ ಬರೆದು ಮುಂದಿನ ದೋಣಿಗೆ ಕಳಿಸಿ. ಇಲ್ಲಿ ಚಳಿ ಶುರುವಾಗಿದೆ.

ಮಿಯೆನ್